ಮಡಚುವ ಸೈಕಲ್ಲೂ ಮೌಲ್ಟನ್ನರ ಸಣ್ಣ ಗಾಲಿಯೂ

ಕಳೆದ ತಿಂಗಳು ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಬ್ರಾಂಪ್ಟನ್ ಸೈಕಲ್ಲನ್ನು ಅಂಗಳದಲ್ಲಿ ಬಿಡಿಸಿ ನಿಲ್ಲಿಸಿ, "ಮೇಷ್ಟ್ರೇ, ಗಾಲಿ ಇಷ್ಟು ಚಿಕ್ಕದಿದ್ದರೆ ಮೈ ಕುಲುಕುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ, ಏನು ಹೇಳಲಿ?" ಎಂದ. ಅಂದು ಅರ್ಧ ಉತ್ತರವನ್ನಷ್ಟೇ ಕೊಟ್ಟಿದ್ದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗಾಲಿ ಚಿಕ್ಕದಾದಷ್ಟೂ ಗುಂಡಿಯೊಳಗೆ ಹೆಚ್ಚು ಇಳಿಯುತ್ತದೆ, ಕಲ್ಲನ್ನು ಹೆಚ್ಚು ಕಡಿದಾಗಿ ಏರುತ್ತದೆ. ನಮ್ಮ ಎತ್ತಿನ ಗಾಡಿಗಳಿಗೆ ಅಷ್ಟೆತ್ತರದ ಗಾಲಿ ಇದ್ದುದು ಸುಮ್ಮನೆ ಅಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟಯರಿಗೆ ಪೇಟೆಂಟ್ ಪಡೆದ ಮೇಲೆ ಕುಲುಕಾಟ ಬಹಳ ತಗ್ಗಿತಾದರೂ, ದೊಡ್ಡವರ ಸೈಕಲ್ಲಿಗೆ ದೊಡ್ಡ ಗಾಲಿಯೇ ರೂಢಿಯಾಗಿ ಉಳಿಯಿತು.

ಆ ರೂಢಿಯನ್ನು ಪ್ರಶ್ನಿಸಿದವರು ಇಂಗ್ಲೆಂಡಿನ ಬ್ರಾಡ್‌ಫರ್ಡ್-ಆನ್-ಏವನ್ ಊರಿನ ಅಲೆಕ್ಸ್ ಮೌಲ್ಟನ್ (1920–2012). ರಬ್ಬರ್ ಉದ್ಯಮದ ಮನೆತನದವರು; 1959ರ ಮಿನಿ ಕಾರಿಗೆ ರಬ್ಬರಿನ ಸಸ್ಪೆನ್ಷನ್ ರೂಪಿಸಿಕೊಟ್ಟವರು. ಸೂಯೆಜ್ ಬಿಕ್ಕಟ್ಟಿನಿಂದ ಪೆಟ್ರೋಲಿಗೆ ಪಡಿತರ ಬಂದಾಗ ಅವರ ಮನಸ್ಸು ಸೈಕಲ್ಲಿನ ಕಡೆ ಹರಿಯಿತು. ಸಣ್ಣ ಗಾಲಿಗೆ ತೆಳುವಾದ ಟಯರು ಹಾಕಿ ಬಿಗಿಯಾಗಿ ಗಾಳಿ ತುಂಬಿದರೆ ಅದು ಸರಾಗವಾಗಿ ಉರುಳುತ್ತದೆ ಎಂಬುದನ್ನು ಅವರು ಕಂಡುಕೊಂಡರು. ಆದರೆ ಅಂಥ ಟಯರು ರಸ್ತೆಯ ಪ್ರತಿಯೊಂದು ಏಟನ್ನೂ ಸವಾರನ ಬೆನ್ನಿಗೆ ಮುಟ್ಟಿಸುತ್ತದೆ. ಆದ್ದರಿಂದ ಸರಾಗದ ಕೆಲಸವನ್ನು ಟಯರಿಗೂ ಸುಖದ ಕೆಲಸವನ್ನು ಸಸ್ಪೆನ್ಷನ್ನಿಗೂ ಹಂಚಿಕೊಟ್ಟರು. 1962ರಲ್ಲಿ ಹೊರಬಂದ 16 ಅಂಗುಲ ಗಾಲಿಯ ಮೌಲ್ಟನ್ ಸೈಕಲ್ಲಿಗೆ ಮುಂದೆಯೂ ಹಿಂದೆಯೂ ಸಸ್ಪೆನ್ಷನ್ ಇತ್ತು. ಅದು ಮಡಚುವ ಸೈಕಲ್ಲಾಗಿರಲಿಲ್ಲ, ನಿಜ. ಆದರೆ ಮಡಚಬೇಕಾದರೆ ಗಾಲಿ ಚಿಕ್ಕದಿರಲೇಬೇಕಲ್ಲ!

ಮೊದಲು ಈ ವಿನ್ಯಾಸವನ್ನು ಬೇಡವೆಂದಿದ್ದ ರ‍್ಯಾಲಿ ಕಂಪನಿ, 1965ರಲ್ಲಿ ಆರ್‌ಎಸ್‌ಡಬ್ಲ್ಯು 16 ಎಂಬ ತನ್ನದೇ ಸಣ್ಣಗಾಲಿಯ ಸೈಕಲ್ಲನ್ನು ತಂದಿತು. ಸಸ್ಪೆನ್ಷನ್ ಇಲ್ಲ, ಬದಲಿಗೆ ಕಡಿಮೆ ಒತ್ತಡದ ದಪ್ಪ ಟಯರು. ಮೆತ್ತಗೇನೋ ಇತ್ತು, ಆದರೆ ಪ್ರತಿ ಸುತ್ತಿನಲ್ಲೂ ಅಮುಕಿಕೊಳ್ಳುವ ಟಯರು ತುಳಿಯುವವನ ಶ್ರಮವನ್ನು ತಿನ್ನುತ್ತಿತ್ತು. ಹಾಗಿದ್ದೂ 1967ರಲ್ಲಿ ಮೌಲ್ಟನ್ನರ ಸೈಕಲ್ ವ್ಯವಹಾರವನ್ನು ರ‍್ಯಾಲಿಯೇ ಕೊಂಡುಕೊಂಡಿತು. ಮೌಲ್ಟನ್ನರ ತರ್ಕದಲ್ಲಿ ನನಗಂತೂ ಲೋಪ ಕಾಣುವುದಿಲ್ಲ. 1983ರಲ್ಲಿ ಅವರು ಹೊಸ ಚೌಕಟ್ಟಿನೊಡನೆ ಮತ್ತೆ ಮಾರುಕಟ್ಟೆಗೆ ಬಂದರು.

ಆಂಡ್ರ್ಯೂ ರಿಚಿಯವರು 1970ರ ದಶಕದಲ್ಲಿ ರೂಪಿಸಿದ ಬ್ರಾಂಪ್ಟನ್ ಇವೆರಡರ ನಡುವಿನ ದಾರಿ ಹಿಡಿಯಿತು. ಹಿಂದಿನ ಗಾಲಿಯನ್ನು ಮಡಚಲು ಇರುವ ತಿರುಗಣಿಯೇ ಸಸ್ಪೆನ್ಷನ್ನಿಗೂ ಒದಗುತ್ತದೆ. ನಡುವೆ ಒಂದು ರಬ್ಬರಿನ ತುಂಡು, ಅಷ್ಟೆ. ಮುಂದಿನ ಗಾಲಿಗೆ ಆ ಭಾಗ್ಯವಿಲ್ಲ. ಅಲ್ಲಿ ಟಯರಿನ ಗಾಳಿಯೇ ಗತಿ.

ಅಂದು ಹೊರಡುವಾಗ ಹುಡುಗನ ಮುಂದಿನ ಟಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಕಲ್ಲಿನಂತಿತ್ತು. ಸ್ವಲ್ಪ ಗಾಳಿ ಬಿಡಿಸಿ ಕಳಿಸಿದೆ.