ಯುದ್ಧದ ಪಾಠವೂ ಅಂಗಡಿ ಮುಂದಿನ ಸಾಲೂ

ಸಕಲೇಶಪುರದ ಕಡೆಯ ಮೇಷ್ಟ್ರುಗಳಾದ ನಾವು ಯುದ್ಧದ ಪಾಠ ಅಂದರೆ ಮಕ್ಕಳನ್ನು ಮಂಜರಾಬಾದ್ ಕೋಟೆಗೆ ಕರಕೊಂಡು ಹೋಗಿ ಬರುತ್ತೇವೆ. ಟಿಪ್ಪು 1792ರಲ್ಲಿ ಕಟ್ಟಿಸಿದ್ದು, ನಕ್ಷತ್ರದ ಹಾಗೆ ಎಂಟು ಮೂಲೆ, ಬರಕೊಳ್ಳಿ. ಕಲ್ಲು ಹೊತ್ತವರು ಯಾರು ಅಂತ ಮಕ್ಕಳು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಹೊರದೇಶದ ಯುದ್ಧವಂತೂ ಎರಡು ಅಂಕದ ಪ್ರಶ್ನೆ, ಅಷ್ಟೆ.

ಆದರೆ ಹೊರದೇಶದ ಯುದ್ಧ ಈ ಘಟ್ಟ ಹತ್ತಿ ಬಂದದ್ದುಂಟು. 1939ರಲ್ಲಿ ಯುರೋಪ್ ಹೊತ್ತಿಕೊಂಡಾಗ ನಮ್ಮ ಕಾಫಿಗೆ ಅಲ್ಲಿನ ಮಾರುಕಟ್ಟೆ ಮುಚ್ಚಿತು. ಬೆಳೆಗಾರರು ಕಂಗಾಲಾದರು. ಸರ್ಕಾರ ಸುಮ್ಮನೆ ಕೂರಲಿಲ್ಲ. 1940ರಲ್ಲಿ ಸುಗ್ರೀವಾಜ್ಞೆ, 1942ರಲ್ಲಿ ಕಾಫಿ ಕಾಯಿದೆ, ಬೆಳೆಯನ್ನೆಲ್ಲ ಒಂದೆಡೆ ಕೂಡಿಸಿ ಮಾರುವ ಏರ್ಪಾಡು. ಅದೇ 1942ರಲ್ಲಿ ಬರ್ಮಾ ಜಪಾನಿಗೆ ಬಿದ್ದು ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಹಣ್ಣು ಬಿಡಿಸುವ ಕೈಗಳ ಪರವಾಗಿ ತೋಟ ಕಾರ್ಮಿಕರ ಕಾಯಿದೆ ಬಂದದ್ದು ಮಾತ್ರ 1951ರಲ್ಲಿ. ಕಾಫಿಯನ್ನು ಕಾಯುವ ಕಾನೂನಿಗೂ ಕೂಲಿಯನ್ನು ಕಾಯುವ ಕಾನೂನಿಗೂ ನಡುವೆ ಒಂಬತ್ತು ವರ್ಷ! ಯಾವ ಪಠ್ಯದಲ್ಲಿ ಈ ಲೆಕ್ಕ ಇದೆ, ಗೆಳೆಯರೇ?

ಲೈನುಮನೆಯಿಂದ ಬರುವ ಮಕ್ಕಳಿಗೆ ನಾವು ಯುದ್ಧವನ್ನು ಇನ್ನೊಂದು ಕಡೆಯಿಂದ ಹೇಳಿಕೊಡಲು ಹೊರಟೆವು. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ಬಿತ್ತು. ಖಾರ್ಕಿವ್ ನಗರದ ನೆಲಮಾಳಿಗೆಗಳಲ್ಲಿ ನಮ್ಮ ದೇಶದ ಹುಡುಗ ಹುಡುಗಿಯರು ಅಡಗಿ ಕೂತಿದ್ದರು. ಮಾರ್ಚ್ 1ರ ಬೆಳಿಗ್ಗೆ ಅವರಲ್ಲೊಬ್ಬ, ರಾಣೆಬೆನ್ನೂರು ತಾಲ್ಲೂಕು ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ್, ಊಟದ ಸಾಮಾನು ತರಲು ಹೊರಗೆ ಹೋದ. ತನಗೆ ಮಾತ್ರವಲ್ಲ, ಜೊತೆಯವರಿಗೂ. ಅಂಗಡಿ ಮುಂದೆ ಸಾಲಿನಲ್ಲಿ ನಿಂತಿದ್ದವನು ದಾಳಿಗೆ ಸಿಕ್ಕಿ ಸತ್ತ. 21 ವರ್ಷ, ವೈದ್ಯಕೀಯದ ನಾಲ್ಕನೇ ವರ್ಷ.

ಸಾಲು ಅಂದ ಕೂಡಲೇ ಮಕ್ಕಳಿಗೆ ಅರ್ಥವಾಯಿತು. ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಹಿಡಿದು ನಿಂತು ಬಲ್ಲವರು. ಆದರೆ ಒಬ್ಬ ಹುಡುಗಿ ಕೇಳಿದಳು: 'ಡಾಕ್ಟ್ರು ಓದಕ್ಕೆ ಅಷ್ಟು ದೂರ ಯಾಕೆ ಹೋಗಿದ್ದ, ಸಾ?'

ಯುದ್ಧದ ಪಾಠ ಇಲ್ಲೇ ನಮ್ಮ ಮನೆಬಾಗಿಲಿಗೆ ಬಂತು ನೋಡಿ. ಪಿಯುಸಿಯಲ್ಲಿ ಶೇಕಡಾ 97 ಬಂದರೂ ಇಲ್ಲಿ ಸೀಟು ಸಿಗಲಿಲ್ಲ, ಕೋಟಿಗಟ್ಟಲೆ ಕೊಡಬೇಕು ಎಂದು ಅವನ ತಂದೆ ಪತ್ರಿಕೆಯವರ ಮುಂದೆ ಹೇಳಿದ್ದರು. ಮಗ ಸತ್ತ ಮನೆಯ ಆ ಸಂಕಟವನ್ನು ಎತ್ತಿಕೊಂಡು ಕೆಲವರು ಮೀಸಲಾತಿಯ ಮೇಲೆ ಹರಿಹಾಯ್ದರು. ಕೋಟಿ ಕೇಳುವ ಸೀಟು ಮೀಸಲಾತಿಯ ಸೀಟಲ್ಲ, ಹಣದ ಸೀಟು. ಇದನ್ನು ಬೋರ್ಡಿನ ಮೇಲೆ ಬರೆದೇ ಹೇಳಿದೆವು. ಸ್ಟಾಫ್ ರೂಮಿನಲ್ಲಿ ಗೊಣಗಾಟ ಆಯಿತು, ಆಗಲಿ.

ಇನ್ನೊಂದನ್ನೂ ಹೇಳಿದೆವು. ಗಡಿ ದಾಟಲು ಓಡಿದ ಸಾವಿರಾರು ಮಂದಿಯಲ್ಲಿ ಕಪ್ಪು ಚರ್ಮದವರನ್ನು ತಡೆದರೆಂಬ ದೂರು ಬಂದು, ಫೆಬ್ರವರಿ 28ರಂದು ಆಫ್ರಿಕನ್ ಒಕ್ಕೂಟ ಬಹಿರಂಗವಾಗಿ ಖಂಡಿಸಿತು. ಬಾಂಬು ಬೀಳುವಾಗಲೂ ಮೈಬಣ್ಣ ನೋಡುತ್ತಾರಾ ಅಂತ ಮಕ್ಕಳು ಬೆಚ್ಚಿದರು. ಹೋಟೆಲಿನ ಬೇರೆ ಲೋಟದ ಕತೆಯನ್ನು ಅಜ್ಜಿಯಿಂದ ಕೇಳಿದ್ದ ಹುಡುಗ ಬೆಚ್ಚಲಿಲ್ಲ.

ನವೀನನ ದೇಹ ಮಾರ್ಚ್ 21ಕ್ಕೆ ಬೆಂಗಳೂರಿಗೆ ಬಂತು. ಮನೆಯವರು ಅದನ್ನು ದಾವಣಗೆರೆಯ ಒಂದು ವೈದ್ಯಕೀಯ ಕಾಲೇಜಿಗೆ, ಓದುವ ಮಕ್ಕಳ ಕಲಿಕೆಗೆಂದು, ಕೊಟ್ಟರು.