ಕೊತ್ತಂಬರಿ (ಹೆಸರು)

ಕೊತ್ತಂಬರಿ ಎಂಬುದು ‘ಕೊರಿಯಾಂಡ್ರಮ್ ಸಟೈವಮ್’ ಎಂಬ ಏಕವಾರ್ಷಿಕ ಸಸ್ಯದ ಕನ್ನಡ ಹೆಸರು. ಜೀರಿಗೆ, ಸೋಂಪು, ಸಬ್ಬಸಿಗೆಗಳು ಇದರ ಕುಟುಂಬದವೇ. ಇದರ ಸೊಪ್ಪನ್ನೂ ಒಣಗಿದ ಕಾಳನ್ನೂ ಅಡುಗೆಗೆ ಬಳಸುತ್ತಾರೆ. ಬೀಜವೆಂದು ಕರೆಯುವ ಈ ಕಾಳು ನಿಜವಾಗಿ ಹಣ್ಣು. ಅಂಗೈಯಲ್ಲಿ ಉಜ್ಜಿದರೆ ಎರಡು ಹೋಳಾಗುತ್ತದೆ, ರೈತರು ಹಾಗೆ ಒಡೆದೇ ಬಿತ್ತುತ್ತಾರೆ. ಸೊಪ್ಪಿಗೂ ಕಾಳಿಗೂ ಒಂದೇ ಹೆಸರೋ ಎರಡೋ ಎಂಬುದು ಕರ್ನಾಟಕದಲ್ಲಿ ಸೀಮೆಯಿಂದ ಸೀಮೆಗೆ ಬೇರೆ.

ಈ ಹೆಸರು ಸಂಸ್ಕೃತದ ‘ಕುಸ್ತುಂಬುರು’ವಿನಿಂದ ಬಂದದ್ದು. ‘ಪುಸ್ತಕ’ ಕನ್ನಡದಲ್ಲಿ ‘ಹೊತ್ತಗೆ’ ಆದ ದಾರಿಯನ್ನೇ ಇದೂ ಹಿಡಿದಿದೆ: ಮೊದಲಕ್ಷರದ ಉಕಾರ ಒಕಾರವಾಗಿದೆ, ‘ಸ್ತ’ ಇದ್ದಲ್ಲಿ ‘ತ್ತ’ ಬಂದಿದೆ. ಕೊತ್ತುಂಬರಿ, ಕೊತ್ತಂಬ್ರಿ, ಕೊತ್ಮಿರಿ ಎಂಬ ರೂಪಗಳೂ ಆಡುಮಾತಿನಲ್ಲಿವೆ. ಪಾಣಿನಿ ‘ಕುಸ್ತುಂಬುರು’ ಎಂಬ ಒಂದು ಪದಕ್ಕೆಂದೇ ಅಷ್ಟಾಧ್ಯಾಯಿಯಲ್ಲಿ ಸೂತ್ರವೊಂದನ್ನು (6.1.143) ಮೀಸಲಿಟ್ಟಿದ್ದಾನೆ. ಸಸ್ಯದ ಹೆಸರಾದಾಗ ಮಾತ್ರ ನಡುವೆ ಸಕಾರ ಬರುತ್ತದೆ ಎಂಬುದು ಅದರ ವಿಧಿ. ಇಲ್ಲದಿದ್ದರೆ ಅದು ‘ಕುತುಂಬುರು’, ಅಂದರೆ ಕೆಟ್ಟ ತುಂಬುರು ಕಾಯಿ ಎಂದಾಗುತ್ತದೆ ಎಂದು ಕಾಶಿಕಾವೃತ್ತಿ ವಿವರಿಸುತ್ತದೆ. ವೈಯಾಕರಣರು ಹೀಗೆ ಬಿಡಿಸಿದರೂ ಹೆಸರು ಮೂಲತಃ ಸಂಸ್ಕೃತದ್ದೇ ಎನ್ನುವುದು ಕಷ್ಟ. ಅಕ್ಕೇಡಿಯನ್ನಿನ ‘ಕಿಸಿಬಿರ್ರು’, ಅರಾಮಿಕ್‌ನ ‘ಕುಸ್ಬರ್ತಾ’, ಅರಬ್ಬಿಯ ‘ಕುಜ್ಬರಾ’ ಇದಕ್ಕೆ ತೀರ ಹತ್ತಿರದವು. ಗಿಡದ ತವರೂ ಪಶ್ಚಿಮ ಏಷ್ಯಾ ಮತ್ತು ಮೆಡಿಟರೇನಿಯನ್ ತೀರದ ಕಡೆಯದೇ ಆದ್ದರಿಂದ, ಹೆಸರು ಸರಕಿನೊಂದಿಗೇ ಬಂದಿತೆನ್ನುವುದು ಒಪ್ಪುವಂಥ ಮಾತು.

ತಮಿಳಿನಲ್ಲಿ ಇದು ‘ಕೊತ್ತಮಲ್ಲಿ’. ಮಲ್ಲಿಗೆಗೂ ಇದಕ್ಕೂ ಸಂಬಂಧವಿಲ್ಲ. ಆದರೂ ಜನ ಪದವನ್ನು ಅಲ್ಲಿಗೇ ಒಡೆದು ಬರಿಯ ‘ಮಲ್ಲಿ’ ಎನ್ನುವುದುಂಟು, ಮಲಯಾಳದಲ್ಲೂ ಹಾಗೆಯೇ.

ಎರಡನೆಯ ಹೆಸರು ‘ದನಿಯ’. ಇದರ ಮೂಲ ‘ಧಾನ್ಯಕ’, ಧಾನ್ಯದಂಥದ್ದು ಎಂದರ್ಥ. ಅಮರಕೋಶದ ವೈಶ್ಯವರ್ಗದಲ್ಲಿ ಇದೂ ಕುಸ್ತುಂಬುರುವೂ ಒಂದೇ ಪದಾರ್ಥದ ಪರ್ಯಾಯ ಹೆಸರುಗಳು. ಆ ಸಮಾನತೆ ಮುಂದೆ ಉಳಿಯಲಿಲ್ಲ. ತೆಲುಗಿನಲ್ಲಿ ಸೊಪ್ಪು ‘ಕೊತ್ತಿಮೀರ’, ಕಾಳು ‘ಧನಿಯಾಲು’. ಮರಾಠಿಯಲ್ಲಿ ‘ಕೋಥಿಂಬೀರ್’ ಮತ್ತು ‘ಧನೆ’. ನೆಲಮಂಗಲ ತಾಲ್ಲೂಕಿನ ಹೋಬಳಿ ಕೇಂದ್ರ ತ್ಯಾಮಗೊಂಡ್ಲೂ ಸೇರಿದಂತೆ ಹಳೇ ಮೈಸೂರಿನ ಬಯಲುಸೀಮೆಯಲ್ಲೂ ಇದೇ ಹಂಚಿಕೆ: ತರಕಾರಿಯವರ ಹತ್ತಿರ ಕಟ್ಟಿನ ಲೆಕ್ಕದಲ್ಲಿ ಕೊಳ್ಳುವುದು ಕೊತ್ತಂಬರಿ ಸೊಪ್ಪು, ದಿನಸಿ ಅಂಗಡಿಯಲ್ಲಿ ತೂಕ ಹಾಕಿಸುವುದು ದನಿಯ. ಸಾರಿನ ಪುಡಿ, ಹುಳಿಪುಡಿಗೆ ಹುರಿಯುವುದು ದನಿಯ. ಬಸ್ಸಾರಿನ ಮಸಾಲೆಗೆ ಎರಡೂ ಬೀಳುತ್ತವೆ. ‘ಕೊತ್ತಂಬರಿ ಬೀಜ’ ಎಂಬ ಮಾತೂ ಇಲ್ಲಿ ನಡೆಯುತ್ತದೆ. ಬರೆಯುವಾಗ ‘ಧನಿಯಾ’ ಎಂದು ಮಹಾಪ್ರಾಣ ಕೊಟ್ಟವರೂ ಅಂಗಡಿಯಲ್ಲಿ ಕೇಳುವುದು ‘ದನ್ಯ’ವನ್ನೇ. ಸೊಪ್ಪಿನಲ್ಲಿ ಪರಿಮಳ ಹೆಚ್ಚಿರುವ ಸ್ಥಳೀಯ ತಳಿಗೆ ಬೆಂಗಳೂರಿನ ಸುತ್ತ ‘ನಾಟಿ ಕೊತ್ತಂಬರಿ’ ಎನ್ನುತ್ತಾರೆ.

ಉತ್ತರ ಕರ್ನಾಟಕದಲ್ಲಿ ಕಾಳಿಗೆ ‘ಹವೀಜ’ ಎಂಬ ಬೇರೆಯೇ ಹೆಸರಿದೆ. ಕರಾವಳಿಯಲ್ಲಿ ಇದಕ್ಕೆ ವ್ಯತಿರಿಕ್ತ: ಅಲ್ಲಿ ಬರಿಯ ‘ಕೊತ್ತಂಬರಿ’ ಎಂದರೆ ಕಾಳು, ಎಲೆ ಬೇಕಿದ್ದರೆ ‘ಸೊಪ್ಪು’ ಎಂದು ಸೇರಿಸಿ ಹೇಳಬೇಕು. ಮಲೆನಾಡಿನ ಹಿತ್ತಿಲುಗಳಲ್ಲಿ ‘ಕಾಡು ಕೊತ್ತಂಬರಿ’ ಎನ್ನಿಸಿಕೊಂಡದ್ದು ಅಮೆರಿಕ ಖಂಡ ಮೂಲದ ಇನ್ನೊಂದೇ ಗಿಡ. ಕುಟುಂಬ ಒಂದೇ, ವಾಸನೆಯೂ ಹತ್ತಿರ, ಎಲೆ ಮಾತ್ರ ಉದ್ದ, ಅಂಚು ಗರಗಸದಂತೆ.

ಅಡುಗೆ ಪುಸ್ತಕಗಳಲ್ಲಿ ಈ ವ್ಯತ್ಯಾಸ ತೊಡಕು ತರುತ್ತದೆ. ‘ಎರಡು ಚಮಚ ಕೊತ್ತಂಬರಿ’ ಎಂದು ಮಂಗಳೂರಿನವರು ಬರೆದಿದ್ದರೆ ಅದು ಕಾಳು. ನೆಲಮಂಗಲದ ಓದುಗರು ಅದನ್ನು ದನಿಯ ಎಂದೇ ಓದಿಕೊಳ್ಳಬೇಕು.