ಗೋಡೆ ಕೊರೆಯುವ ಯಂತ್ರ: ಶಹಾಬಾದ್ ಕಲ್ಲಿನ ಸೀಮೆಯಲ್ಲಿ ಅದರ ಚರಿತ್ರೆ ಮತ್ತು ಆಯ್ಕೆ

ಕಾಂಕ್ರೀಟು, ಕಲ್ಲು, ಇಟ್ಟಿಗೆಗಳ ಗೋಡೆಯಲ್ಲಿ ತೂತು ಕೊರೆಯುವ ಕೈಯಂತ್ರಗಳು ಮುಖ್ಯವಾಗಿ ಮೂರು ಬಗೆ: ಬರೀ ತಿರುಗುವ ಸಾಮಾನ್ಯ ಡ್ರಿಲ್, ತಿರುಗುತ್ತಲೇ ಬಿಟ್ಟನ್ನು, ಅಂದರೆ ಕೊರೆಯುವ ಮೊನೆಯನ್ನು, ಕಂಪಿಸುವಂತೆ ಕುಟ್ಟುವ ಇಂಪ್ಯಾಕ್ಟ್ ಡ್ರಿಲ್, ಗಾಳಿಯ ಒತ್ತಡದಿಂದ ಚಿಮ್ಮುವ ಕೊಡತಿಯನ್ನು ಒಡಲಲ್ಲಿಟ್ಟುಕೊಂಡ ರೋಟರಿ ಹ್ಯಾಮರ್. ಅಂಗಡಿಯಲ್ಲಿಯೂ ಕೆಲಸದ ಜಾಗದಲ್ಲಿಯೂ ಎರಡನೆಯದನ್ನೂ ಮೂರನೆಯದನ್ನೂ 'ಹ್ಯಾಮರ್ ಮಶೀನ್' ಎಂಬ ಒಂದೇ ಹೆಸರಿನಿಂದ ಕರೆಯುವ ರೂಢಿಯಿರುವುದರಿಂದ, ಇವುಗಳ ಚರಿತ್ರೆಯನ್ನು ಬರೆಯುವವರೂ ಇವನ್ನು ಕೊಳ್ಳುವವರೂ ಒಂದೇ ಗೊಂದಲದಲ್ಲಿ ಸಿಲುಕಿದ್ದಾರೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸೀಮೆಯಲ್ಲಿ ಈ ಗೊಂದಲಕ್ಕೆ ತೆರಬೇಕಾದ ಬೆಲೆ ಹೆಚ್ಚು. ಏಕೆಂದರೆ ಗುಣದಲ್ಲಿ ಒಂದಕ್ಕೊಂದು ಹೋಲದ ಮೂರು ನಾಲ್ಕು ಬಗೆಯ ಗೋಡೆಗಳು ಇಲ್ಲಿ ಒಂದೇ ಓಣಿಯಲ್ಲಿ, ಎಷ್ಟೋ ಸಲ ಒಂದೇ ಮನೆಯಲ್ಲಿ ಎದುರಾಗುತ್ತವೆ.

ಈ ಸೀಮೆಯ ನೆಲ ಭೂವಿಜ್ಞಾನದಲ್ಲಿ 'ಭೀಮಾ ಸಮೂಹ' ಎನಿಸಿಕೊಂಡ ಪುರಾತನ ಪದರುಶಿಲೆಗಳದು. ಅದರ ಮುಖ್ಯ ಸುಣ್ಣಕಲ್ಲಿಗೆ ಶಹಾಬಾದ್ ಊರಿನ ಹೆಸರೇ ಬಂದಿದೆ. ಮನೆಮಾತಿನಲ್ಲಿ ಅದು ಫರಸಿ ಅಥವಾ ಹಾಸುಗಲ್ಲು. ಬಡಗಣಕ್ಕೆ, ಚಿಂಚೋಳಿಯ ಕಡೆಗೆ ಹೋದಂತೆ ಸುಣ್ಣಕಲ್ಲಿನ ಮೇಲೆ ದಖನ್ನಿನ ಕರಿಕಲ್ಲು, ಅಂದರೆ ಲಾವಾ ಗಟ್ಟಿಯಾಗಿ ಆದ ಬಸಾಲ್ಟ್ ಹರಡಿಕೊಂಡು, ಎತ್ತರದ ಜಾಗಗಳಲ್ಲಿ ಕೆಂಪು ಜಂಬಿಟ್ಟಿಗೆಯೂ ಕಾಣಿಸಿಕೊಳ್ಳುತ್ತದೆ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಹ್ಸ್ ಮಾಪಕದಲ್ಲಿ ಸುಣ್ಣಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟಿನ ಸ್ಥಾನ 3, ಮರಳಿನ ಸ್ಫಟಿಕದ ಸ್ಥಾನ 7. ಕರಿಕಲ್ಲಿನ ಖನಿಜಗಳು ಸುಮಾರು 6ರ ಆಸುಪಾಸಿನವು. ಶಹಾಬಾದ್ ಕಲ್ಲನ್ನು ಕೊರೆಯುವುದು ಈ ಲೆಕ್ಕದಲ್ಲಿ ಸುಲಭ, ಆದರೆ ಅದನ್ನು ಸೀಳದೆ ಕೊರೆಯುವುದು ಸುಲಭವಲ್ಲ. ಹಾರೆ ಮೀಟಿದರೆ ಪದರು ಪದರಾಗಿ ಏಳುವ ಗುಣದಿಂದಲೇ ಅದು ಹಾಸುಗಲ್ಲಾಗಿರುವುದು.

ಇಲ್ಲಿ ಕಲ್ಲಿಗೆ ಉಳಿ ಹಾಕಿದ ಕೆಲಸದ ಪ್ರಾಚೀನತೆ ಚೆನ್ನಾಗಿ ದಾಖಲಾಗಿದೆ. ಚಿತ್ತಾಪುರ ತಾಲೂಕಿನ ಸನ್ನತಿಯ ಹತ್ತಿರದ ಕನಗನಹಳ್ಳಿಯ ಸ್ತೂಪಕ್ಕೆ ಸುಣ್ಣಕಲ್ಲಿನ ಶಿಲ್ಪಫಲಕಗಳನ್ನು ಹೊದಿಸಲಾಗಿತ್ತು. ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ 1986ರಲ್ಲಿ ಕಾಳಿಕಾ ಗುಡಿಯ ಚಾವಣಿ ಕುಸಿದ ಮೇಲೆ ಬೆಳಕಿಗೆ ಬಂದ ಅಶೋಕನ ಶಾಸನದ ಫಲಕವು ವಿಗ್ರಹಕ್ಕೆ ಪೀಠವಾಗಿತ್ತು. ವಿಗ್ರಹವನ್ನು ನಿಲ್ಲಿಸಲು ಅದರ ನಡುವೆ ಕತ್ತರಿಸಿದ ಚೌಕದ ಕುಳಿಯಲ್ಲಿ ಶಾಸನದ ಒಂದು ಭಾಗ ಅಳಿದುಹೋಗಿದೆ. ಗಟ್ಟಿಯಾಗಿ ನಿಂತ ಕಲ್ಲಿನಲ್ಲಿ ಆಮೇಲೆ ಹಾಕಿದ ತೂತು ಏನನ್ನು ಕಳೆಯಬಲ್ಲದೆಂಬುದಕ್ಕೆ ಈ ಸೀಮೆಯಲ್ಲಿ ಇದಕ್ಕಿಂತ ನೋವಿನ ನಿದರ್ಶನ ಇನ್ನೊಂದಿಲ್ಲ.

ಆದರೂ ಮನೆಗೋಡೆಯ ತೂತಿನ ಚರಿತ್ರೆಯನ್ನು ಉಳಿ ಮತ್ತು ಸುತ್ತಿಗೆಯಿಂದ ನೇರವಾಗಿ ವಿದ್ಯುತ್ ಯಂತ್ರಕ್ಕೆ ಎಳೆದು ತರುವುದು ಸರಿಯಲ್ಲ. ಹಳೆಯ ಕಲ್ಲುಮನೆಯಲ್ಲಿ ಗೋಡೆಗೆ ತೂತಿನ ಅಗತ್ಯವೇ ಕಡಿಮೆಯಿತ್ತು. ಬಟ್ಟೆಬರೆ ತೂಗುಹಾಕುವ ಗಿಳಿಗೂಟವನ್ನು ಗೋಡೆ ಏಳುವಾಗಲೇ ಕಲ್ಲಿನ ಸಂದಿನಲ್ಲಿ ಕೂರಿಸುತ್ತಿದ್ದರು. ದೀಪಕ್ಕೂ ಪಾತ್ರೆಗೂ ಗೂಡು ಬಿಡುತ್ತಿದ್ದರು. ಮೊದಲು ಗೋಡೆ ಮುಗಿದು, ಅದರ ಮೇಲೆ ಏನೇನು ಬರಬೇಕೆಂಬುದು ಆಮೇಲೆ ತೀರ್ಮಾನವಾಗುವ ಪದ್ಧತಿ ವಿದ್ಯುತ್ತಿನ ತಂತಿಯ ಜೊತೆಗೆ ಬಂದದ್ದು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಗೋಡೆಯನ್ನು ಕೆಡಿಸದೆ ವಿದ್ಯುತ್ ಉಪಕರಣಗಳನ್ನು ಕೂರಿಸುವ ಕೆಲಸ ವಹಿಸಿಕೊಂಡ ಜಾನ್ ಜೋಸೆಫ್ ರಾಲಿಂಗ್ಸ್ 1911ರ ಸುಮಾರಿಗೆ ನಾರಿನ ಕೊಳವೆಯಾಕಾರದ ಬೆಣೆಯೊಂದನ್ನು ರೂಪಿಸಿದನು. ಸ್ಕ್ರೂ ಒಳಹೋದಂತೆ ಬೆಣೆ ಅರಳಿ ತೂತಿನ ಗೋಡೆಯನ್ನು ಕಚ್ಚಿಕೊಳ್ಳುತ್ತದೆ. ಅವನ ಹೆಸರು ಕನ್ನಡದ ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಇಂದಿಗೂ 'ರಾವಲ್ ಪ್ಲಗ್' ಆಗಿ ಉಳಿದಿದೆ, ಆದರೆ ಈಗ ಮಾರಾಟವಾಗುವ ಪ್ಲಾಸ್ಟಿಕ್ ಪ್ಲಗ್ಗಿನ ಮಾದರಿ ಜರ್ಮನಿಯ ಆರ್ಥರ್ ಫಿಶರ್ 1958ರಲ್ಲಿ ನೈಲಾನಿನಿಂದ ಮಾಡಿದ್ದು. ಬೆಣೆ ಕಚ್ಚಬೇಕಾದರೆ ತೂತು ಅಳತೆಗೆ ಸರಿಯಾಗಿ, ದುಂಡಗೆ ಇರಬೇಕಾದ್ದರಿಂದ, ಕೊರೆಯುವ ಯಂತ್ರದ ಗುಣದ ಪ್ರಶ್ನೆ ಹುಟ್ಟಿದ್ದೇ ಇಲ್ಲಿಂದ.

ಯಂತ್ರ ಯಾರದೆಂಬ ವಿಷಯದಲ್ಲಿ ದಾಖಲೆಗಳು ಒಂದನ್ನೊಂದು ಒಪ್ಪುವುದಿಲ್ಲ. ವಿದ್ಯುತ್ ಡ್ರಿಲ್ಲಿನ ಪೇಟೆಂಟು 1889ರಲ್ಲಿ ಮೆಲ್ಬರ್ನಿನ ಆರ್ಥರ್ ಜೇಮ್ಸ್ ಆರ್ನಟ್‌ನದು. ಕೈಯಲ್ಲಿ ಹಿಡಿಯಬಹುದಾದ ಡ್ರಿಲ್ 1895ರಲ್ಲಿ ಸ್ಟುಟ್‌ಗಾರ್ಟಿನ ಫೈನ್ ಸಂಸ್ಥೆಯದು. ಪಿಸ್ತೂಲಿನ ಹಿಡಿಯ ಆಕಾರ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್‌ನದು. ಇಷ್ಟರ ಬಗ್ಗೆ ಹೆಚ್ಚು ತಕರಾರಿಲ್ಲ. ಕುಟ್ಟುವ ಡ್ರಿಲ್ಲಿನ ವಿಷಯ ಹಾಗಲ್ಲ: ವಿದ್ಯುತ್ತಿನಿಂದ ನಡೆಯುವ ಗಾಳಿಕೊಡತಿಯ ಪೇಟೆಂಟು 1914ರ ಫೈನ್ ಸಂಸ್ಥೆಯದೆಂದು ಒಂದು ಪಕ್ಷ, ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಯಂತ್ರ 1932ರ 'ಬಾಷ್ ಹ್ಯಾಮರ್' ಎಂದು ಇನ್ನೊಂದು ಪಕ್ಷ, ಹಗುರವಾದ ಹ್ಯಾಮರ್ ಡ್ರಿಲ್ಲನ್ನು 1935ರಿಂದ ಮಾರಿದವರು ತಾವೆಂದು ಅಮೆರಿಕದ ಮಿಲ್ವಾಕಿ ಸಂಸ್ಥೆ. ಪೇಟೆಂಟು ಪಡೆದದ್ದು, ತಯಾರಿಸಿದ್ದು, ಹಗುರಗೊಳಿಸಿದ್ದು ಬೇರೆ ಬೇರೆ ಸಾಧನೆಗಳೆಂದು ತಿಳಿದರೆ ಈ ವಾದದ ಬಹುಭಾಗ ತಾನಾಗಿ ಕರಗುತ್ತದೆ. ಅಷ್ಟೇ ಮುಖ್ಯವಾದ ಇನ್ನೆರಡು ತಿರುವುಗಳಿಗೆ ಮಾತ್ರ ಸಾಕಷ್ಟು ಗಮನ ಸಿಕ್ಕಿಲ್ಲ. ಒಂದು, 1920ರ ದಶಕದ ಕೊನೆಯಲ್ಲಿ ಜರ್ಮನಿಯ ಕ್ರುಪ್ ಸಂಸ್ಥೆ ಮಾರುಕಟ್ಟೆಗೆ ತಂದ ಟಂಗ್‌ಸ್ಟನ್ ಕಾರ್ಬೈಡು. ಬಿಟ್ಟಿನ ತುದಿಗೆ ಬೆಸೆದ ಇದರ ಚಿಕ್ಕ ಅಲಗು ಇಲ್ಲದಿದ್ದರೆ ಎಂಥ ಮೋಟಾರೂ ಕಾಂಕ್ರೀಟಿನ ಮುಂದೆ ನಿಲ್ಲುತ್ತಿರಲಿಲ್ಲ. ಇನ್ನೊಂದು, 1975ರಲ್ಲಿ ಬಾಷ್ ಮತ್ತು ಹಿಲ್ಟಿ ಸಂಸ್ಥೆಗಳಿಂದ ಬಂದ, ಬಿಟ್ಟನ್ನು ಯಂತ್ರಕ್ಕೆ ಕೂರಿಸುವ ಎಸ್‌ಡಿಎಸ್ ಹಿಡಿತ. ತುರುಕು, ತಿರುಗಿಸು, ಕೂತಿತು ಎಂಬರ್ಥದ ಜರ್ಮನ್ ಮಾತುಗಳ ಮೊದಲಕ್ಷರಗಳೇ ಆ ಹೆಸರು.

ಎರಡು 'ಹ್ಯಾಮರ್'ಗಳ ವ್ಯತ್ಯಾಸ ಇರುವುದು ಒಳಗಿನ ರಚನೆಯಲ್ಲಿ. ಇಂಪ್ಯಾಕ್ಟ್ ಡ್ರಿಲ್ಲಿನಲ್ಲಿ ಹಲ್ಲುಳ್ಳ ಎರಡು ಬಿಲ್ಲೆಗಳು ಒಂದರ ಮೇಲೊಂದು ಉಜ್ಜಿ ಹಾರುವುದರಿಂದ ಏಟು ಹುಟ್ಟುತ್ತದೆ. ಏಟಿನ ಎಣಿಕೆ ನಿಮಿಷಕ್ಕೆ 40,000 ದಾಟಿದರೂ ಒಂದೊಂದರ ಬಲ ಅತ್ಯಲ್ಪ. ಆ ಬಲವೂ ಯಂತ್ರವನ್ನು ಒತ್ತಿ ಹಿಡಿದಷ್ಟೇ ಬರುವುದರಿಂದ ಭುಜ ಸೋತಂತೆ ಏಟೂ ಸೋಲುತ್ತದೆ. ರೋಟರಿ ಹ್ಯಾಮರಿನಲ್ಲಿ ಮೋಟಾರು ಕೊಳವೆಯೊಳಗಿನ ಪಿಸ್ಟನ್ನನ್ನು ಹಿಂದೆ ಮುಂದೆ ಓಡಿಸಿ, ನಡುವೆ ಸಿಕ್ಕ ಗಾಳಿಯನ್ನು ಅದುಮಿ, ಆ ಗಾಳಿಯಿಂದ ಉಕ್ಕಿನ ಕೊಡತಿಯನ್ನು ಬಿಟ್ಟಿನ ಬೆನ್ನಿಗೆ ಎಸೆಯುತ್ತದೆ. ಎರಡು ಮೂರು ಕಿಲೋ ತೂಕದ ಯಂತ್ರ ನಿಮಿಷಕ್ಕೆ ನಾಲ್ಕೈದು ಸಾವಿರ ಏಟು ಹಾಕಿದರೂ ಪ್ರತಿ ಏಟಿನಲ್ಲಿ 2ರಿಂದ 3 ಜೂಲ್ ಶಕ್ತಿಯಿರುತ್ತದೆ, ಹಿಡಿದವನು ಮೈಭಾರ ಹಾಕಬೇಕಾಗಿಲ್ಲ. ಎಸ್‌ಡಿಎಸ್ ಬಿಟ್ಟು ಹಿಡಿತದೊಳಗೆ ಸಡಿಲವಾಗಿ ಜಾರುವಂತಿರುವುದರಿಂದ ಏಟು ಹಿಡಿತಕ್ಕೆ ಬೀಳದೆ ನೇರವಾಗಿ ಬಿಟ್ಟಿಗೇ ಬೀಳುತ್ತದೆ. ಮನೆಗೆಲಸದ ಬಿಟ್ಟುಗಳ ಬುಡ 10 ಮಿಲಿಮೀಟರಿನದು. ಭಾರೀ ಕೆಲಸದ ಎಸ್‌ಡಿಎಸ್ ಮ್ಯಾಕ್ಸಿನ ಬುಡ 18 ಮಿಲಿಮೀಟರಿನದು. ಅಂಗಡಿಯಲ್ಲಿ ಪೆಟ್ಟಿಗೆಯ ಮೇಲಿನ ವ್ಯಾಟಿನ ಅಂಕಿಯನ್ನು ನೋಡುವ ಬದಲು ಜೂಲಿನ ಅಂಕಿಯನ್ನೂ ಬುಡದ ಆಕಾರವನ್ನೂ ನೋಡಿದರೆ ಮೋಸಹೋಗುವ ಪ್ರಸಂಗ ಬರುವುದಿಲ್ಲ.

ಈ ಸೀಮೆಯಲ್ಲಿ ಕಾಂಕ್ರೀಟಿನ ಗೋಡೆಗಳು ಹೆಚ್ಚಿದ್ದು ಇಲ್ಲಿಯದೇ ಸುಣ್ಣಕಲ್ಲು ಸಿಮೆಂಟಾದ ಮೇಲೆ. 1936ರಲ್ಲಿ ಹತ್ತು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಸಂಸ್ಥೆ ಹುಟ್ಟಿದಾಗ ಶಹಾಬಾದ್ ಸಿಮೆಂಟ್ ಕಂಪನಿ ಅವುಗಳಲ್ಲಿ ಒಂದಾಗಿತ್ತು. ವಾಡಿಯ ಕಾರ್ಖಾನೆ 1960ರ ದಶಕದ್ದು, ಸೇಡಂ ಮತ್ತು ಮಳಖೇಡದವು 1980ರ ದಶಕದವು. ಕಾರ್ಖಾನೆಗಳ ಗಣಿಯಲ್ಲಿ ಸಿಡಿಮದ್ದು ತುಂಬಲು ಕೊರೆಯುವ ಆಳದ ಕುಳಿಗಳ ಚರಿತ್ರೆ ಬೇರೆಯೇ ಇದ್ದು, ಅದನ್ನು ಮನೆಗೋಡೆಯ ಡ್ರಿಲ್ಲಿನ ಚರಿತ್ರೆಗೆ ಬೆರೆಸುವುದು ತಪ್ಪು.

ಗೋಡೆ ಯಾವುದೆಂಬುದನ್ನು ಯಂತ್ರಕ್ಕಿಂತ ಮೊದಲು ಪುಡಿ ಹೇಳುತ್ತದೆ. ಗಿಲಾವು ದಾಟಿದ ಬಿಟ್ಟಿನಿಂದ ಕೆಂಪು ಪುಡಿ ಉದುರಿದರೆ ಇಟ್ಟಿಗೆ. ಅದಕ್ಕೆ 8 ಮಿಲಿಮೀಟರಿನವರೆಗೆ ಇಂಪ್ಯಾಕ್ಟ್ ಡ್ರಿಲ್ ಧಾರಾಳ ಸಾಕು. ಬೂದು ಪುಡಿ ಸರಾಗವಾಗಿ ಬರುತ್ತಿದ್ದು ಒಮ್ಮೆಲೇ ನಿಂತು, ಯಂತ್ರದ ದನಿ ಕೀರಲಾಗಿ, ಬಿಟ್ಟಿನ ತುದಿ ಕಾಯತೊಡಗಿದರೆ ಅದು ಕಾಂಕ್ರೀಟು, ಅಡ್ಡ ಬಂದದ್ದು ಕರಿಕಲ್ಲಿನ ಜಲ್ಲಿ. ಕಂಬ, ತೊಲೆ, ಆರ್‌ಸಿಸಿ ಚಾವಣಿಗಳಿಗೆ ರೋಟರಿ ಹ್ಯಾಮರೇ ಬೇಕು. ಕಬ್ಬಿಣದ ಸರಳು ತಗುಲಿದರೆ ಒತ್ತದೆ ಜಾಗ ಬದಲಿಸಬೇಕು. ಪುಡಿ ಹಿಟ್ಟಿನಷ್ಟು ನುಣ್ಣಗೆ, ನಸುನೀಲಿ ಬೂದು ಅಥವಾ ನಸುಗೆಂಪು ಬಣ್ಣದ್ದಾಗಿದ್ದರೆ ಅದು ಶಹಾಬಾದ್ ಕಲ್ಲು. ಇಲ್ಲಿ ಬಲವಾದ ಏಟು ಶತ್ರು: ಅಂಚಿನ ಹತ್ತಿರ ಹ್ಯಾಮರ್ ಹಾಕಿದರೆ ಕಲ್ಲು ಪದರು ಬಿಡುತ್ತದೆ, ತೂತಿನ ಬೆನ್ನಿನಲ್ಲಿ ತಟ್ಟೆಯಗಲ ಚಕ್ಕೆ ಕಳಚುತ್ತದೆ. ಏಟನ್ನು ನಿಲ್ಲಿಸಿ, ಹರಿತವಾದ ಕಾರ್ಬೈಡ್ ಬಿಟ್ಟಿನಿಂದ ಮೆಲ್ಲಗೆ ತಿರುಗಿಸುತ್ತ ಕೊರೆಯುವುದೇ ಸರಿಯಾದ ಕ್ರಮ. ಹಳೆಯ ಗೋಡೆಯಲ್ಲಿ ಕಲ್ಲಿನ ಸಂದಿಗೆ ತುಂಬಿದ್ದು ಮಣ್ಣು ಅಥವಾ ಸುಣ್ಣದ ಗಾರೆಯಾದ್ದರಿಂದ ಸಂದಿನ ತೂತಿನಲ್ಲಿ ಪ್ಲಗ್ಗು ನಿಲ್ಲುವುದಿಲ್ಲ. ಕಲ್ಲಿನ ನಡುಮೈಯನ್ನೇ ಆರಿಸಬೇಕು. ಟೊಳ್ಳು ಸಿಮೆಂಟ್ ಬ್ಲಾಕಿಗೂ ಏಟು ಸಲ್ಲದು. ಪೈಪು ಹಾಯಿಸುವ ದೊಡ್ಡ ತೂತಿಗೆ ವಜ್ರದ ಹರಳು ಕೂರಿಸಿದ ಕೊಳವೆಯಿಂದ ಮಾಡುವ ಕೋರ್ ಕಟಿಂಗ್ ಇದೆ.

ಯಂತ್ರ ಯಾವುದಾದರೂ ಕೊರೆಯುವಾಗ ಏಳುವ ಧೂಳನ್ನು ಮರೆಯುವಂತಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಉಸಿರಿಗೆ ಸೇರುವ ಸ್ಫಟಿಕ ಸಿಲಿಕಾ ಧೂಳನ್ನು 1997ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಕಾಂಕ್ರೀಟಿನ ಮರಳಿನಲ್ಲಿ ಆ ಸಿಲಿಕಾ ಇದೆ. ದಿನವಿಡೀ ತಲೆಯ ಮೇಲಿನ ಚಾವಣಿ ಕೊರೆಯುವ ಎಲೆಕ್ಟ್ರಿಷಿಯನ್ನರ ಬಾಯಿಗೆ ಒಂದು ಕರವಸ್ತ್ರವಷ್ಟೇ ಅಡ್ಡವಿರುವುದು ಕಳವಳದ ಸಂಗತಿ. ಧೂಳು ಹೀರುವ ಜೋಡಣೆಯುಳ್ಳ ಯಂತ್ರ, ಇಲ್ಲವೇ ಸರಿಯಾದ ಮಾಸ್ಕು, ಕೊಳ್ಳುವ ಲೆಕ್ಕದಲ್ಲಿಯೇ ಸೇರಬೇಕು.

ಉಕ್ಕಿನ ಗರ್ಡರುಗಳ ಮೇಲೆ ಹಾಸುಗಲ್ಲು ಹೊದಿಸಿದ ಮಾಳಿಗೆಗಳಲ್ಲಿ ಫ್ಯಾನು ತೂಗಲು ಕಲ್ಲನ್ನು ಕೊರೆಯುವುದು ಅಪಾಯ. ಅಲ್ಲಿ ಗರ್ಡರಿನ ಕೆಳಗಿನ ಅಂಚನ್ನು ಎರಡೂ ಕಡೆಯಿಂದ ಕಚ್ಚುವ ಕ್ಲ್ಯಾಂಪು ಬಿಗಿದು, ಅದಕ್ಕೆ ಕೊಂಡಿ ಹಾಕಿ ಫ್ಯಾನು ತೂಗಿದರೆ ಒಂದು ತೂತೂ ಬೇಕಾಗುವುದಿಲ್ಲ.